ಮೂರನೆಯ ರೆಕ್ಕೆ

ಅಂತ್ಯಕ್ರಿಯೆಯಾದ ಮೇಲೆ ನಮ್ಮನ್ನು ಸಮಾಧಾನಪಡಿಸಲು ಯಾರೂ ಇಲ್ಲದ ಮೊದಲ ಬೆಳಗು ಅದು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟಿದ್ದರು. ಅತ್ತೆ ಸ್ನಾನಕ್ಕೆ ಹೋಗಿದ್ದರು. ನೆಂಟರು ತೊಳೆದು ಎಲ್ಲೆಲ್ಲೋ ಇಟ್ಟಿದ್ದ ಪಾತ್ರೆಗಳನ್ನು ನಾನು ಒಂದೊಂದಾಗಿ ಹುಡುಕಿ, ನಾವು ಎಲ್ಲೆಲ್ಲೋ ಇಡುತ್ತಿದ್ದ ಜಾಗಗಳಿಗೆ ಸೇರಿಸುತ್ತಿದ್ದೆ. ಕರೆಗಂಟೆ ಸದ್ದಾಯಿತು.

ಬಾಗಿಲಲ್ಲಿ ಪಾರ್ಸಲ್‌ನವನು. ಪಕ್ಕದಲ್ಲಿ ಅವನ ಎದೆಯೆತ್ತರದ ಪೆಟ್ಟಿಗೆ.

"ಸರ್ ಇದ್ದಾರಾ?"

"ಇಲ್ಲ."

"ಯಾವಾಗ ಬರ್ತಾರೆ?"

ಇದಕ್ಕೆ ಉತ್ತರವನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ. "ಇವತ್ತಂತೂ ಬರಲ್ಲ," ಎಂದೆ.

"ಹಾಗಾದ್ರೆ ನೀವೇ ಸೈನ್ ಹಾಕಿ. ಭಾರ ಇದೆ, ಹುಷಾರು."

ಪೆಟ್ಟಿಗೆಯ ಮೇಲೆ ಬಿಳಿ ರೆಕ್ಕೆಗಳ ಗಾಳಿಯಂತ್ರದ ಚಿತ್ರ. ಕೆಳಗೆ ನಗುತ್ತಿರುವ ಒಂದು ಸಂಸಾರ. ‘ಮನೆಬಳಕೆಗೆ. ಜೋಡಿಸುವುದು ಸುಲಭ.’ ವಿಳಾಸದ ಚೀಟಿಯಲ್ಲಿ ನನ್ನ ಗಂಡನ ಹೆಸರು.

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

ಅದಕ್ಕೆ ಕಾರಣವಿತ್ತು. ನಾನು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಒಂದು ವಸ್ತುವನ್ನು ನಾವೇ ತಯಾರಿಸಬೇಕೋ, ಹೊರಗಿನಿಂದ ಕೊಳ್ಳಬೇಕೋ ಎಂಬುದು ನಮ್ಮಲ್ಲಿ ಒಂದು ಇಡೀ ಅಧ್ಯಾಯ. ಬೋರ್ಡಿನ ಮೇಲೆ ಎರಡು ಕಾಲಂ ಎಳೆದು ನಾನು ಅದನ್ನು ಎಷ್ಟು ಚೆನ್ನಾಗಿ ಹೇಳುತ್ತೇನೆಂದರೆ ಹಿಂದಿನ ಬೆಂಚಿನವರೂ ನಿದ್ದೆಯಿಂದ ಎದ್ದು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಮಾತ್ರ ಆ ಅಧ್ಯಾಯ ನಡೆಯಲಿಲ್ಲ. ವಿಮಾ ಕಚೇರಿಯಲ್ಲಿ ಕೂತು ಇತರರ ಅಪಘಾತಗಳನ್ನು ಓದುತ್ತಿದ್ದ ನನ್ನ ಗಂಡನಿಗೆ, ಮಹಡಿಯ ಮೇಲೆ ತನ್ನ ಕೈಯಾರೆ ಮಾಡಿದ ಗಾಳಿಯಂತ್ರ ತಿರುಗಿ ಕರೆಂಟು ಬರಬೇಕೆಂಬ ಹುಚ್ಚು ಹಿಡಿದಿತ್ತು.

"ಕೊಂಡುಬಿಡು," ಎಂದೆ.

"ಕೊಂಡಿದ್ದು ತಿರುಗಿದ್ರೆ ಕಂಪನಿಯವನಿಗೆ ಖುಷಿ. ನಾನು ಮಾಡಿದ್ದು ತಿರುಗಿದ್ರೆ ನನಗೆ ಖುಷಿ."

"ತಿರುಗದಿದ್ರೆ?"

"ಆಗ ನಿನಗೆ ಖುಷಿ. ಒಟ್ಟಲ್ಲಿ ಮನೆಗೆ ನಷ್ಟ ಇಲ್ಲ."

ಹೀಗೆ ವಾದಿಸುವವನ ಎದುರು ಎರಡು ಕಾಲಂ ಏನು ಮಾಡೀತು. ಊಟದ ಮೇಜಿನ ಮೇಲೆ ತಾಮ್ರದ ತಂತಿ ಸುತ್ತಿದ. ಹಳೇ ಕಾರಿನ ಚಕ್ರದ ನಡುವಿನ ಗುಂಬ ತಂದು ಅದಕ್ಕೆ ಅಯಸ್ಕಾಂತ ಅಂಟಿಸಿದ. ಮಹಡಿಯಲ್ಲಿ ಕಬ್ಬಿಣದ ಕಂಬ ನೆಟ್ಟ. ಎರಡು ಮರದ ರೆಕ್ಕೆ ಕೆತ್ತಿ ಮುಗಿಸಿದ. ಮೂರನೆಯದು ಹಲಗೆಯಾಗಿಯೇ ಉಳಿದಿತ್ತು.

ಆ ಕಂಬ ಹತ್ತಿ ಬಿದ್ದು ಸಾಯುತ್ತೀಯ ಎಂದು ನಾನು ಹೇಳದ ದಿನವಿಲ್ಲ. ಅವನು ಕಚೇರಿಯ ಕುರ್ಚಿಯಲ್ಲಿ, ಒಂದು ಮೀಟಿಂಗಿನ ನಡುವೆ, ಹೃದಯ ನಿಂತು ಹೋದ. ನನ್ನ ಒಂದು ಭವಿಷ್ಯವೂ ನಿಜವಾದದ್ದಿಲ್ಲ. ಮಾತನಾಡಿಸಲು ಬಂದವರೆಲ್ಲ ಒಮ್ಮೆ ಕಂಬ ನೋಡಿ, ಒಮ್ಮೆ ನನ್ನನ್ನು ನೋಡಿ, "ಮೇಲಿಂದ...?" ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದರು. "ಇಲ್ಲ, ಕೂತಲ್ಲೇ," ಎನ್ನುತ್ತಿದ್ದೆ. ಕೆಲವರಿಗೆ ತುಸು ನಿರಾಸೆಯಾದಂತೆ ಕಂಡಿತು.

ಈಗ ಈ ಪೆಟ್ಟಿಗೆ. ಅಂದರೆ ಅವನು ಸೋತಿದ್ದ. ಕದ್ದುಮುಚ್ಚಿ ಕೊಂಡಿದ್ದ. ಅಷ್ಟೆಲ್ಲ ವಾದಿಸಿ ಕೊನೆಗೂ ನಾನು ಗೆದ್ದಿದ್ದೆ. ಸೋತವನು ಮಾತ್ರ ಹಾಜರಿರಲಿಲ್ಲ.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ನಾನು ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ದರದರನೆ ಎಳೆದು ಮಂಚದ ಅಡಿಗೆ ತಳ್ಳಿದೆ. ಏಕೆಂದರೆ ಅತ್ತೆ ಬೀದಿಗೆಲ್ಲ ಡಂಗುರ ಸಾರಿದ್ದರು: ನನ್ನ ಮಗ ಅಂಗಡಿಯಿಂದ ತರುವವನಲ್ಲ, ಎಲ್ಲ ಕೈಯಲ್ಲೇ ಮಾಡುವವನು. ಅವರ ಬಳಿ ಅವನದು ಉಳಿದಿದ್ದದ್ದು ಆ ಹೆಮ್ಮೆಯೊಂದೇ. ಅದನ್ನು ಮುರಿಯುವ ಅಧಿಕಾರ ನನಗಿರಲಿಲ್ಲ.

ಟೀ ಕುಡಿಯುತ್ತ ಅತ್ತೆ ಮಹಡಿಯ ಕಡೆಗೆ ಗೋಣು ತಿರುಗಿಸಿದರು. "ಅದು ಹಾಗೇ ನಿಂತಿರೋದು ನನಗೆ ನೋಡೋಕಾಗಲ್ಲ ಕಣೇ. ಇಲ್ಲಾ ಇಳಿಸಿಬಿಡೋಣ, ಇಲ್ಲಾ ಮುಗಿಸಿಬಿಡೋಣ."

"ಮುಗಿಸೋಣ."

"ಯಾರು ಮುಗಿಸೋದು?"

"ನಾನು," ಎಂದೆ.

ಅತ್ತೆ ಬಟ್ಟಲನ್ನು ಕೆಳಗಿಟ್ಟು ನನ್ನ ಕೈಗಳನ್ನು ನೋಡಿದರು. ಸೀಮೆಸುಣ್ಣಕ್ಕಿಂತ ಭಾರದ್ದನ್ನು ಹಿಡಿಯದ ಕೈಗಳು. "ನೀನಾ? ಸರಿ, ಮಾಡು," ಎಂದರು.

ಹೀಗೆ, ಕೊಳ್ಳಬೇಕೆಂದು ವಾದಿಸಿದವಳು ಮಾಡಲು ಕೂತೆ. ಕೊಂಡದ್ದು ಮಂಚದಡಿ ಇರುವಾಗಲೇ.

ರೆಕ್ಕೆ ಕೆತ್ತುವುದು ಹಲಗೆ ಚಪ್ಪಟೆ ಮಾಡಿದಂತಲ್ಲ. ಬುಡದಲ್ಲಿ ಓರೆ ಹೆಚ್ಚು, ತುದಿಗೆ ಹೋದಂತೆ ಕಡಿಮೆ. ಒಟ್ಟಿನಲ್ಲಿ ಮರ ಮೆಲ್ಲಗೆ ತಿರುಚಿಕೊಂಡಂತಿರಬೇಕು. ಅವನು ಮುಗಿಸಿದ್ದ ರೆಕ್ಕೆಯನ್ನು ಎದುರಿಗಿಟ್ಟುಕೊಂಡು, ಅವನ ಕೀಸುಳಿಯಿಂದ ಹೆರೆಯತೊಡಗಿದೆ. ಮರ ಒಮ್ಮೆ ಸುರುಳಿಯಾಗಿ ಏಳುತ್ತಿತ್ತು, ಒಮ್ಮೆ ಚಕ್ಕೆಯಾಗಿ ಕಿತ್ತು ಬರುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಂತೆ ನಾನು ಮರವನ್ನು ಬೈದೆ. ಸಂಜೆಯ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ. ಬಹಳ ದಿನಗಳ ಮೇಲೆ ಮೈಯಲ್ಲಿ ಒಂದು ಕಡೆಯಾದರೂ ನೋಯಿತು.

ಅವನ ಕೀಸುಳಿ ಎಂದೆ. ಅದು ಅವನದಲ್ಲವೆಂದು ಗೊತ್ತಾದದ್ದು ಬೀದಿಯ ಕೊನೆಯ ಮನೆಯ ಬಡಗಿ ಮಹಡಿ ಹತ್ತಿ ಬಂದಾಗ.

"ಹೇಗಿದ್ದೀಯ ತಂಗಿ?"

"ಇದ್ದೀನಿ ಅಣ್ಣ."

"ಅಮ್ಮ ಊಟ ಮಾಡ್ತಾರಾ?"

"ಮಾಡ್ತಾರೆ."

ಅವರು ಕಂಬ ನೋಡಿದರು, ಆಕಾಶ ನೋಡಿದರು, ಕೀಸುಳಿ ಬಿಟ್ಟು ಉಳಿದದ್ದೆಲ್ಲ ನೋಡಿದರು. "ಬಾಗಿಲುಗಳೆಲ್ಲ ಈಗ ಉಬ್ಬಿಕೊಳ್ಳೋ ಕಾಲ," ಎಂದರು.

"ಹೌದಾ."

"ಬ್ಯಾಂಕಿನವರ ಮನೆ ಬಾಗಿಲು ಹಾಕಿದ್ರೆ ತೆಗೆಯೋಕಾಗಲ್ಲ. ದಿನಾ ಕರೀತಾರೆ. ಹೆರೀಬೇಕು."

"ಪಾಪ."

"ನನ್ನ ಹತ್ರ ಇನ್ನೊಂದು ಇದೆ. ಆದ್ರೆ ಅದು ಚಿಕ್ಕದು."

ಯಾವುದು ಚಿಕ್ಕದು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಕೊಡಬೇಕಾಗುತ್ತಿತ್ತು, ಕೊಟ್ಟರೆ ರೆಕ್ಕೆ ನಿಲ್ಲುತ್ತಿತ್ತು, ರೆಕ್ಕೆ ನಿಂತರೆ ಪೆಟ್ಟಿಗೆ ಹೊರಬರುತ್ತಿತ್ತು. ಗಂಡ ಸತ್ತವಳ ಕೈಯಿಂದ ಸಾಮಾನು ಕೇಳಲು ನಾಚುವ ಸಭ್ಯ ಮನುಷ್ಯ ಎದುರಿಗೆ ನಿಂತಿದ್ದರು. ನಾನು ಆ ಸಭ್ಯತೆಯನ್ನು ಚೆನ್ನಾಗಿಯೇ ದುಡಿಸಿಕೊಂಡೆ. ಕಣ್ಣು ತಗ್ಗಿಸಿ ಕೂತೆ. ವೈಧವ್ಯದಿಂದ ನನಗಾದ ಮೊದಲ ಲಾಭ ಅದು.

ಮೆಟ್ಟಿಲ ಬಳಿ ನಿಂತಿದ್ದ ಅತ್ತೆ, "ಇನ್ನೊಂದೇ ರೆಕ್ಕೆ ಬಾಕಿ ಇರೋದು. ಸೊಸೆ ಮುಗಿಸ್ತಾಳೆ. ಮುಗಿದ ತಕ್ಷಣ ನಿಮ್ಮ ಕೀಸುಳಿ ನಿಮ್ಮ ಮನೆಗೆ," ಎಂದರು.

ಬಡಗಿ ನಾನು ಕೆತ್ತುತ್ತಿದ್ದುದನ್ನು ಮೊದಲ ಸಲ ನೋಡಿದರು. ಏನೋ ಹೇಳಲು ಬಾಯಿ ತೆರೆದು, "ಆಗ್ಲಿ, ನಿಧಾನಕ್ಕೆ," ಎಂದು ಇಳಿದುಹೋದರು.

ಅವರು ಹೇಳದೆ ಬಿಟ್ಟದ್ದು ರೆಕ್ಕೆ ಮುಗಿದ ದಿನ ನನಗೇ ಕಂಡಿತು. ಮೂರನ್ನೂ ನೆಲದ ಮೇಲೆ ಚಕ್ರದಂತೆ ಜೋಡಿಸಿಟ್ಟೆ. ಅವನ ಎರಡೂ ಒಂದು ದಿಕ್ಕಿಗೆ ತಿರುಚಿಕೊಂಡಿದ್ದವು. ನನ್ನದು ಇನ್ನೊಂದು ದಿಕ್ಕಿಗೆ. ಎದುರಿಗಿಟ್ಟುಕೊಂಡು ನೋಡಿ ಕೆತ್ತಿದ್ದರಿಂದ ಕನ್ನಡಿಯಲ್ಲಿ ಕಂಡಂತೆ ಕೆತ್ತಿದ್ದೆ. ಗಾಳಿ ಬಂದರೆ ಎರಡು ರೆಕ್ಕೆ ಹೀಗೆ ತಿರುಗೋಣ ಎನ್ನುತ್ತವೆ, ಮೂರನೆಯದು ಇಲ್ಲ, ಹಾಗೆ ಎನ್ನುತ್ತದೆ. ಅವನು, ಅವನಮ್ಮ, ನಾನು. ನಮ್ಮ ಮನೆಯಲ್ಲಿ ಯಾವ ತೀರ್ಮಾನವಾಗುತ್ತಿದ್ದದ್ದೂ ಹೀಗೆಯೇ.

"ಕೆಟ್ಟಿತಾ?" ಅತ್ತೆ ಕೇಳಿದರು.

"ಕೆಟ್ಟಿತು. ಇನ್ನೊಂದು ಹಲಗೆ ತರ್ತೀನಿ."

"ಸಾಕು ಬಿಡು. ಮಂಚದಡಿ ಇರೋದನ್ನೇ ಹಾಕಿಸು."

ನಾನು ಮರದ ಹೊಟ್ಟಿನ ನಡುವಿನಿಂದಲೇ ತಲೆಯೆತ್ತಿದೆ.

"ನಿಮಗೆ ಹೇಗೆ ಗೊತ್ತು?"

"ನನ್ನ ಫೋನಿಂದಾನೇ ತರಿಸಿದ್ದು ಅವನು. ‘ಅಮ್ಮಾ, ಇವಳಿಗೆ ಗೊತ್ತಾದ್ರೆ ಜನ್ಮ ಪೂರ್ತಿ ಆಡ್ಕೋತಾಳೆ, ಹೇಳ್ಬೇಡ’ ಅಂದ. ಇವಳು ಕಾಲೇಜಿಗೆ ಹೋದಾಗ ಕಂಬಕ್ಕೇರಿಸಿ, ನಾನೇ ಮಾಡಿದ್ದು ಅಂತೀನಿ ಅಂದ. ಬಂತು ಅಂತ ಮೆಸೇಜ್ ಬಂದಿತ್ತು. ಗುಡಿಸೋಕೆ ಹೋದ್ರೆ ಪೊರಕೆಗೆ ತಗುಲ್ತು."

"ಮತ್ತೆ ನನ್ನ ಕೈಲಿ ಯಾಕೆ ಕೆತ್ತಿಸಿದ್ರಿ?"

"ನೀನೇ ಮುಗಿಸ್ತೀನಿ ಅಂದೆ. ಬೇಡ ಅನ್ನೋಕೆ ಪೆಟ್ಟಿಗೆ ವಿಷಯ ತೆಗೀಬೇಕಿತ್ತಲ್ಲ. ಸತ್ತವನ ಮಾನ ಹೆಂಡತಿ ಎದುರು ಹೋಗ್ಬಾರ್ದು ಅಂತ ಸುಮ್ಮನಿದ್ದೆ."

"ನಾನೂ ಅದಕ್ಕೇ ಬಚ್ಚಿಟ್ಟೆ ಅತ್ತೆ. ನಿಮ್ಮೆದುರು ಹೋಗ್ಬಾರ್ದು ಅಂತ."

"ನನ್ನೆದುರಾ?" ಅತ್ತೆ ಮೂಗು ಮುರಿದರು. "ನಾನು ಹೆತ್ತವಳು ಕಣೇ. ಚಿಕ್ಕ ಕ್ಲಾಸಲ್ಲಿ ಮಣ್ಣಿನ ಬಾತುಕೋಳಿ ಮಾಡ್ಕೊಂಡು ಬಾ ಅಂದಿದ್ರು. ಅಂಗಡಿದು ತಂದು, ಉಗುರಲ್ಲಿ ಅಲ್ಲಲ್ಲಿ ಗೀಚಿ, ಒಂದು ರೆಕ್ಕೆ ಮುರಿದು ಅಂಟಿಸಿ ಕೊಟ್ಟ. ಬಹುಮಾನ ಬಂತು. ಬೀದಿಗೆಲ್ಲ ನಾನೇ ಹೇಳ್ಕೊಂಡು ಬಂದೆ, ನನ್ನ ಮಗ ಮಾಡಿದ್ದು ಅಂತ."

ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡೆ. ಕಟ್ಟಿಕೊಂಡವರಿಗೆ ಏನೆಂದು ಗಾದೆ ಇಲ್ಲ. ನನಗೆ ನಗು ಬಂತು. ಅತ್ತೆಗೂ ಬಂತು. ಇಬ್ಬರೂ ಸೆರಗಿನಿಂದ, ತೋಳಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆವು. ಪಕ್ಕದ ಮನೆಯವರಿಗೆ ಕೇಳಿದರೆ ಏನೆಂದುಕೊಂಡಾರು ಎಂಬ ವಿವೇಕ ಉಳಿದಿತ್ತು. ಮುಗಿಯುವ ಹೊತ್ತಿಗೆ ಅದು ನಗುವಾಗಿ ಉಳಿದಿರಲಿಲ್ಲ.

ಮರುದಿನ ಎಲೆಕ್ಟ್ರಿಷಿಯನ್ ಬರುವ ಮೊದಲು ನಾವು ಪೆಟ್ಟಿಗೆ ಬಿಚ್ಚಿದೆವು. ಯಂತ್ರದ ಹೊಟ್ಟೆಯ ಮೇಲೆ ಕಂಪನಿಯ ಹೆಸರಿನ ದೊಡ್ಡ ಸ್ಟಿಕ್ಕರ್ ಇತ್ತು. ಅತ್ತೆ ಕನ್ನಡಕ ಹಾಕಿಕೊಂಡು, ಒಂದು ನಾಣ್ಯ ಹಿಡಿದು ಅದನ್ನು ಕೆರೆಯತೊಡಗಿದರು. ನಾನು ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಕೊಟ್ಟೆ. ಅಂಟೂ ಉಳಿಯದಂತೆ ತೆಗೆದೆವು. ಗಾಳಿಯಂತ್ರ ಕಂಬವೇರಿತು. ಮೆಟ್ಟಿಲ ಮೇಲಿನ ಬಲ್ಬೊಂದು ಉರಿಯಿತು, ಅದೂ ಗಾಳಿಗೆ ಮನಸ್ಸು ಬಂದಾಗ. ನನ್ನ ಎರಡು ಕಾಲಂಗಳಲ್ಲಿ ಇದನ್ನು ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ.

ಸಂಜೆ ಕೀಸುಳಿಯನ್ನು ಹಳೇ ಟವೆಲಿನಲ್ಲಿ ಸುತ್ತಿಕೊಂಡು ಬಡಗಿಯ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ನಿಂತು ನಮ್ಮ ಮಹಡಿಯನ್ನೇ ನೋಡುತ್ತಿದ್ದರು.

"ತಿರುಗ್ತಿದೆ," ಎಂದರು.

"ಸ್ವಲ್ಪ ಸ್ವಲ್ಪ."

"ಕೈಕೆಲಸ ಅಂದ್ರೆ ಅದು ತಂಗಿ. ಅಂಗಡಿಯಿಂದ ತಂದಿದ್ರೆ ಹೀಗೆ ಬರ್ತಿತ್ತಾ?"

ಮರದ ರೆಕ್ಕೆಗೂ ಪ್ಲಾಸ್ಟಿಕ್ ರೆಕ್ಕೆಗೂ ವ್ಯತ್ಯಾಸ ಅಷ್ಟು ದೂರದಿಂದ ಅವರಿಗೆ ಕಾಣಿಸುತ್ತಿತ್ತೋ ಇಲ್ಲವೋ, ಅವರ ಮುಖದಿಂದ ಹೇಳಲಾಗುತ್ತಿರಲಿಲ್ಲ.

"ಬರ್ತಿರಲಿಲ್ಲ," ಎಂದೆ. "ಎಲ್ಲಾ ಅವರೇ ಮಾಡಿದ್ದು."

ಬಡಗಿ ಟವೆಲ್ ಬಿಚ್ಚಿ, ಕೀಸುಳಿಯ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದರು. "ಪೂರ್ತಿ ಮೊಂಡು ಮಾಡಿದ್ದಾನಲ್ಲ ನಿನ್ನ ಗಂಡ."

"ಅದು ಮಾತ್ರ ನಾನು," ಎಂದು ಹೇಳಿ, ಟವೆಲ್ ಮಡಚಿಕೊಂಡು ಮನೆಯ ಕಡೆ ನಡೆದೆ.