ಭರವಸೆಯ ಸೊಟ್ಟ ಬಾಯಿ

ಯಾರಾದರೂ ಕೋಣೆಗೆ ಬಂದರೆ ಆಕೆ ತಿರುಗಿ ನೋಡುತ್ತಿರಲಿಲ್ಲ. ಕೆತ್ತುವ ಮೇಜಿನ ಮೇಲೆ ಒರಗಿಸಿಟ್ಟ ಕನ್ನಡಿಯಲ್ಲೇ ಬಂದವರ ಮುಖವನ್ನು ಅಳೆದು, "ಬೆಳಕಿಗೆ ಅಡ್ಡ ನಿಲ್ಲಬೇಡಿ, ಕೂತ್ಕೊಳ್ಳಿ" ಎನ್ನುತ್ತಿದ್ದಳು. ಪುಸ್ತಕದ ಚಿತ್ರಗಳಿಗಾಗಿ ಅವಳು ಮರದ ಅಚ್ಚಿನಲ್ಲಿ ಎಡಕ್ಕೆ ಕೆತ್ತಿದ್ದು ಕಾಗದದಲ್ಲಿ ಬಲಕ್ಕೆ ಮೂಡುತ್ತದೆ. ಆದ್ದರಿಂದ ಅಚ್ಚನ್ನು ಆಗಾಗ ಕನ್ನಡಿಗೆ ಹಿಡಿದು ನೋಡುವುದು ಅವಳ ಕಸುಬಿನ ಕಟ್ಟಳೆ. ಕ್ರಮೇಣ ಮನುಷ್ಯರನ್ನೂ ಹಾಗೆಯೇ ನೋಡತೊಡಗಿದಳು. ಅವಳು ಅಚ್ಚು ಕೆತ್ತಿಕೊಡುತ್ತಿದ್ದ ಪಾದ್ರಿಗಳ ಮುದ್ರಣಾಲಯದವರು ಅವಳನ್ನು ಕನ್ನಡಿಯಮ್ಮ ಎಂದು ಕರೆಯುತ್ತಿದ್ದರು.

ಗಂಡನ ಹಳೆಯ ಕೋಟು ತೊಟ್ಟು, ಜೇಬಿನ ತುಂಬ ಮರದ ಚಕ್ಕೆ ತುಂಬಿಕೊಂಡು ಆಕೆ ಕೆತ್ತಿದ್ದೆಲ್ಲ ಕ್ರೈಸ್ತ ರೂಪಕ ಕಥೆಗಳ ಚಿತ್ರಗಳು: ದೇವರ ಮನೆಯನ್ನು ಅರಸಿ ಹೊರಟ ಆತ್ಮಕ್ಕೆ ದಾರಿಯುದ್ದಕ್ಕೂ ಪಾಪಪುಣ್ಯಗಳು ಕೈಕಾಲು ಪಡೆದು ಎದುರಾಗುವ ಕಥೆಗಳು. ಆ ಅಷ್ಟೂ ಪಾತ್ರಗಳಿಗೆ ಮುಖ ಮಾತ್ರ ಒಂದೇ, ಕೆಳಗಿನ ಮನೆಯಲ್ಲಿ ಮುದ್ರಣಯಂತ್ರ ನಡೆಸುತ್ತಿದ್ದ ಅವಳ ಗಂಡನದು. ಊಟ ತಡವಾದಾಗ ಅವನು ಕ್ರೋಧ, ಉಂಡು ಒರಗಿದಾಗ ಆಲಸ್ಯ, ಪಕ್ಕದವರ ಹೊಸ ಕೊಡೆಯನ್ನು ಕಂಡಾಗ ಸಾಕ್ಷಾತ್ ಅಸೂಯೆ.

"ಏಳು ಪಾಪಕ್ಕೂ ನಾನೇ ಬೇಕಾ ನಿನಗೆ?" ಎಂದು ಅವನು ರೇಗಿದರೆ, "ದೇವದೂತನೂ ನೀವೇ ಅಲ್ವಾ ರೀ, ಅಲ್ಲಿಗಲ್ಲಿಗೆ ಸರಿಹೋಯ್ತು" ಎನ್ನುವಳು.

ಹೀಗಿರುವಾಗ ಅವನಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು, ಬಾಯಿ ಒಂದು ಪಕ್ಕಕ್ಕೆ ಜಾರಿತು. ಅವನಿಗೆ ತನ್ನ ಮುಖ ಕಾಣದಿರಲೆಂದು ಅಂದೇ ಆಕೆ ಕನ್ನಡಿಯನ್ನು ಗೋಡೆಗೆ ಮುಖಮಾಡಿಟ್ಟಳು. ಅವನ ಕ್ಷೌರವನ್ನೂ ತಾನೇ ಮಾಡತೊಡಗಿದಳು. ಅವನೋ ಬಂದವರಿಗೆಲ್ಲ ಬೆನ್ನು ತೋರಿಸಿ ಕೂತುಬಿಟ್ಟ. ಅವನು ಮತ್ತೆ ಮನುಷ್ಯರಿಗೆ ಮುಖ ಕೊಟ್ಟು ಮಾತಾಡಿದರೆ ಸಾಕು ಎಂಬುದೊಂದೇ ಅವಳ ಹಂಬಲವಾಯಿತು.

ಹೊಸ ಪುಸ್ತಕಕ್ಕೆ ಒಂದೇ ಅಚ್ಚು ಬಾಕಿಯಿತ್ತು, ಭರವಸೆ ಎಂಬ ಪಾತ್ರದ್ದು. ಬೇರೆ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಕೆತ್ತಬಾರದೇ ಎಂದು ಮುದ್ರಣಾಲಯದ ಪಾದ್ರಿಗಳು ಕೇಳಿದಾಗ, "ಬೇರೆ ಮುಖ ನನ್ನ ಕೈಗೆ ಬರಲ್ಲ ಫಾದರ್" ಎಂದಳು.

"ಈ ಸೊಟ್ಟ ಬಾಯಿಗೆ ಭರವಸೆ ಅಂತ ಹೆಸರಿಡ್ತೀಯಾ?" ಗಂಡ ಕೇಳಿದ. "ಹಳೇ ಮುಖ ನೆನಪಿದೆಯಲ್ಲ, ಅದನ್ನೇ ಕೆತ್ತು."

"ಎದುರಿಗೆ ನೀವಿರುವಾಗ ನೆನಪು ಯಾಕೆ? ಈ ಕಡೆ ತಿರುಗಿ."

ಗೊಣಗುತ್ತಲೇ ತಿರುಗಿದ. ಅವನ ಮುಖದಿಂದ ಕಣ್ಣು ಕೀಳದೆ ಆಕೆ ದಿನಗಟ್ಟಲೆ ಕೆತ್ತಿದಳು. ಮಸಿ ಹಚ್ಚಿ ಮೊದಲ ಹಾಳೆಯನ್ನು ಎತ್ತಿ ನೋಡಿದಳು. ಬಾಯಿ ಇನ್ನೊಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ಕನ್ನಡಿಯಿಲ್ಲದೆ, ಕಂಡದ್ದನ್ನು ಕಂಡಂತೆಯೇ ಮರಕ್ಕಿಳಿಸಿದ್ದಳು. ಉಳಿ ಹಿಡಿದ ಮೊದಲ ದಿನ ಕಲಿಯುವವರು ಮಾಡುವ ತಪ್ಪು. ತೆಗೆದ ಚಕ್ಕೆ ಮತ್ತೆ ಮರಕ್ಕೆ ಕೂರುವುದಿಲ್ಲ. ತಲೆ ನರೆತ ಕೆತ್ತನೆಗಾರ್ತಿ ಹಾಳೆ ಹಿಡಿದು ಮಗುವಿನಂತೆ ಅತ್ತಳು.

"ಬಾಯಿ ಆ ಕಡೆಗೆ ಹೋಗಿಬಿಟ್ಟಿದೆ ಕಣ್ರೀ."

ಅವನು ಹಾಳೆಯನ್ನು ಈಸಿಕೊಂಡು ನೋಡಿದ. ಆಮೇಲೆ ಎದ್ದು, ಎಡಗೈಯಿಂದ ಗೋಡೆಯ ಕಡೆಗಿದ್ದ ಕನ್ನಡಿಯನ್ನು ತಿರುಗಿಸಿ, ಹಾಳೆಯನ್ನು ಅದರ ಪಕ್ಕಕ್ಕೆ ಒರಗಿಸಿದ. ಕನ್ನಡಿಯೊಳಗಿನ ಅವನ ಬಾಯಿ ಯಾವ ಪಕ್ಕಕ್ಕೆ ಜಾರಿತ್ತೋ ಹಾಳೆಯ ಬಾಯಿಯೂ ಅದೇ ಪಕ್ಕಕ್ಕೆ ಜಾರಿತ್ತು. ಲೋಕಕ್ಕೆ ಕಾಣುವ ಅವನ ಮುಖ ತಪ್ಪಿ, ಕನ್ನಡಿಯಲ್ಲಿ ಅವನಿಗಷ್ಟೇ ಕಾಣುವ ಮುಖ ಅಲ್ಲಿ ಮೂಡಿತ್ತು.

"ತಪ್ಪೆಲ್ಲಿದೆ? ನಾನು ಇರೋದೇ ಹೀಗೆ," ಎಂದ. ಇನ್ನೊಮ್ಮೆ ನೋಡಿ, "ಮೂಗು ಮಾತ್ರ ದಪ್ಪ ಮಾಡಿದ್ದೀಯ ಕಣೇ" ಎಂದು ಸೇರಿಸಿದ.

ಮರುದಿನ ತಾನೇ ಎಡಗೈಯಲ್ಲಿ ಕ್ಷೌರ ಮಾಡಿಕೊಂಡು, ಎರಡು ಕಡೆ ಕೊಯ್ದುಕೊಂಡು, ಅಚ್ಚನ್ನು ಕಂಕುಳಲ್ಲಿಟ್ಟುಕೊಂಡು ಕೆಲಸದವರೆಲ್ಲ ಇದ್ದ ಯಂತ್ರದ ಮನೆಗೆ ಇಳಿದುಹೋದ.

ತಿದ್ದಲಾಗದ ಕೆಲಸದಲ್ಲಿ ಬಾಳು ಸವೆಸಿದವರು ಬಹುಶಃ ಹೀಗೆಯೇ ಇರುತ್ತಾರೆ. ಕಳೆದುಹೋದ ಮುಖವನ್ನು ಹೊಗಳಿ ಸಂತೈಸುವ ಕಲೆ ಅವರಿಗೆ ಬಾರದು. ಎದುರಿಗೆ ಉಳಿದಿರುವುದನ್ನು ಕಣ್ತುಂಬ ನೋಡುತ್ತಾರೆ, ಅದಕ್ಕೇ ಭರವಸೆಯೆಂದು ಹೆಸರಿಡುತ್ತಾರೆ, ಮತ್ತು ಬೆಳಕಿಗೆ ಅಡ್ಡ ನಿಲ್ಲಬೇಡಿ ಎಂದು ಗದರುತ್ತಾರೆ.