ಕೆಂಗೇರಿ ತಂತಿಯ ಆ ಕೊನೆ

ರಾಜ್ಯ ಒಂದಾದ ಮರುವರ್ಷದ ಮಾಘಮಾಸದಲ್ಲಿ ನಡೆದದ್ದು ಇದು. ರಾಜಾಜಿನಗರ ಆಗಿನ್ನೂ ಹೊಸತು. ಕಾರ್ಖಾನೆಗಳ ತಗಡಿನ ಮಾಡುಗಳು, ಸುಣ್ಣದ ವಾಸನೆ ಆರದ ಮನೆಗಳು, ಮನೆಗಳ ಹಿತ್ತಿಲು ಮುಗಿದಲ್ಲೇ ರಾಗಿ ಕೊಯ್ದ ಹೊಲ. ಅಲ್ಲಿನ ಒಂದು ಕಟ್ಟಡದ ಮಹಡಿಯ ಮೇಲೆ ‘ದಕ್ಷಿಣ ವಾರ್ತಾ’ ಎಂಬ ಸಣ್ಣ ಸುದ್ದಿ ಸಂಸ್ಥೆ ಇತ್ತು. ಪಂಕಜಾ ಅಲ್ಲಿ ಟೆಲಿಪ್ರಿಂಟರ್ ಮುಂದೆ ಕೂರುತ್ತಿದ್ದಳು.

ನೋಡುವುದಕ್ಕೆ ಅದು ದಪ್ಪನೆಯ ಟೈಪ್‌ರೈಟರಿನ ಹಾಗೆ. ಆದರೆ ಅದರಂಥದೇ ಇನ್ನೊಂದು ಯಂತ್ರ ಕೆಂಗೇರಿ ದಾಟಿ ಒಂದು ಕಲ್ಲುಗುಡ್ಡದ ಮೇಲಿತ್ತು. ಎರಡರ ನಡುವೆ ತಂತಿ. ಇಲ್ಲಿ ಒಂದು ಅಕ್ಷರ ಒತ್ತಿದರೆ ಅದು ಐದು ಮಿಡಿತಗಳಾಗಿ ಒಡೆದು, ಒಂದರ ಹಿಂದೆ ಒಂದು ಇರುವೆ ಸಾಲಿನ ಹಾಗೆ ತಂತಿಯಲ್ಲಿ ಓಡಿ, ಅಲ್ಲಿ ಮತ್ತೆ ಕೂಡಿಕೊಂಡು ಕಾಗದದ ಮೇಲೆ ಟಕ್ಕೆಂದು ಬೀಳುತ್ತಿತ್ತು. ಅಲ್ಲಿಂದ ಹೊಡೆದರೆ ಇಲ್ಲಿ. ತಂತಿ ಒಂದೇ ಆದ್ದರಿಂದ ಒಬ್ಬರು ಹೊಡೆಯುವಾಗ ಇನ್ನೊಬ್ಬರು ಸುಮ್ಮನಿರಬೇಕು. ಇಬ್ಬರೂ ಒಟ್ಟಿಗೆ ಕೈ ಹಾಕಿದರೆ ಮಿಡಿತಗಳು ಕಲಸಿಹೋಗಿ ಎರಡೂ ಕಡೆ ಅರ್ಥವಿಲ್ಲದ ಅಕ್ಷರ ಬೀಳುತ್ತಿದ್ದವು.

ಗುಡ್ಡದ ಮೇಲಿನ ಮನೆಯಲ್ಲಿ ಸೇತುರಾಮ ಎಂಬವರಿದ್ದರು. ಊರೊಳಗಿನ ಮೋಟಾರುಗಳ ಗದ್ದಲ ರೇಡಿಯೋಗೆ ತಾಗುತ್ತದೆಂದು ಸಂಸ್ಥೆಯವರು ಅಷ್ಟು ದೂರ ಹೋಗಿ ಎರಡು ಕೋಣೆಯ ಮನೆ ಕಟ್ಟಿಸಿ, ರೇಡಿಯೋ ಅಲೆ ಹಿಡಿಯುವ ಕಂಬ ನೆಟ್ಟಿದ್ದರು. ಸೇತುರಾಮ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದೂರದ ಸುದ್ದಿ ಹಿಡಿದು ಪಂಕಜಾಗೆ ಕಳಿಸುವರು. ವರ್ಷಕ್ಕೂ ಮೇಲಾಗಿ ದಿನವೂ ತಂತಿಯಲ್ಲಿ ಮಾತಾಡುತ್ತಿದ್ದರೂ ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಅವರು ಹೊಡೆಯುವ ಲಯ ಮಾತ್ರ ಅವಳಿಗೆ ಗೊತ್ತಿತ್ತು: ನಿಧಾನ, ಸಮ, ತಪ್ಪಿಲ್ಲದ್ದು.

ಅವತ್ತು ಭಾನುವಾರ. ಆಫೀಸಿನಲ್ಲಿ ಪಂಕಜಾ, ಸುದ್ದಿ ತಿದ್ದುವ ಪುರುಷೋತ್ತಮ, ಜವಾನ ಹನುಮಯ್ಯ, ಇಷ್ಟೇ ಜನ. ಮಧ್ಯಾಹ್ನದ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಯಂತ್ರ ಹೊಡೆದುಕೊಳ್ಳಲು ಶುರುಮಾಡಿತು. ಲಯ ಸೇತುರಾಮರ ಎಂದಿನ ಲಯವಲ್ಲ. ತಡವರಿಸುತ್ತ, ನಿಂತು ನಿಂತು ಬರುತ್ತಿತ್ತು. ಯಾವಾಗಲೂ ಇಂಗ್ಲಿಷಿನಲ್ಲೇ ಬರೆಯುವವರು ಅವತ್ತು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದಿದ್ದರು.

‘ಪಂಕಜಮ್ಮ ಮುಂದಿನ ಕೋಣೇಲಿ ಚಿರತೆ ಇದೆ.’

ತಮಾಷೆ ಇರಬಹುದೇ ಎಂದುಕೊಂಡಳು. ಆದರೆ ಸೇತುರಾಮ ತಮಾಷೆ ಮಾಡುವವರಲ್ಲ. ನಿಜವೇ ಸಾರ್ ಎಂದು ಹೊಡೆದಳು. ಆಮೇಲೆ ತುಂಡು ತುಂಡಾಗಿ ಸಂಗತಿ ಬಂತು. ಮನೆ ಕಾಯುವ ನಾಯಿಯನ್ನು ಅಟ್ಟಿಸಿಕೊಂಡು ಚಿರತೆ ಮುಂದಿನ ಕೋಣೆಗೆ ನುಗ್ಗಿದೆ. ಅಂಗಳದಲ್ಲಿದ್ದ ಕಾವಲುಗಾರ ಬೈರಪ್ಪ ಗಾಬರಿಯಲ್ಲಿ ಹೊರಗಿನ ಬಾಗಿಲು ಎಳೆದು ಅಗಳಿ ಹಾಕಿ ಊರಿನ ಕಡೆ ಓಡಿಬಿಟ್ಟಿದ್ದಾನೆ. ಒಳಗೆ ಮನುಷ್ಯನಿದ್ದಾನೆಂಬುದು ಅವನಿಗೆ ಆ ಗಳಿಗೆಯಲ್ಲಿ ಹೊಳೆದಿಲ್ಲ. ಕಿಟಕಿಗೆ ಕಬ್ಬಿಣದ ಸರಳು. ಎರಡು ಕೋಣೆಗಳ ನಡುವಿನ ಬಾಗಿಲ ಚಿಲಕ ಕಿತ್ತುಹೋಗಿದೆ. ಸೇತುರಾಮ ಅದಕ್ಕೆ ಬೆನ್ನು ಕೊಟ್ಟು ನಿಂತು, ಪಕ್ಕದ ಮೇಜಿನ ಮೇಲಿರುವ ಯಂತ್ರಕ್ಕೆ ಒಂದು ಕೈ ಚಾಚಿ ಹೊಡೆಯುತ್ತಿದ್ದಾರೆ.

ಕೊನೆಗೆ ಬಂದ ಸಾಲು ಇದು:

‘ನೀವು ಹೊಡೆದಾಗ ಮಿಷನ್ ಸದ್ದಿಗೆ ಅದು ಹಿಂದೆ ಸರೀತು. ಬಾಗಿಲು ಹಿಡಿಯೋಕೆ ಎರಡೂ ಕೈ ಬೇಕು. ನಾನಿನ್ನು ಹೊಡೆಯಲ್ಲ. ಏನಾದ್ರೂ ಹೊಡೀತಾನೇ ಇರಿ ಅಮ್ಮ. ನಿಲ್ಲಿಸಬೇಡಿ.’

ಪಂಕಜಾ ಧೈರ್ಯವಂತೆಯೇನಲ್ಲ. ಬೀದಿನಾಯಿ ಎದುರಾದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವಳು. ಗುಡುಗಿದರೆ ಮೂವತ್ತು ವರ್ಷದ ಹೆಂಗಸು ಅಮ್ಮನ ಪಕ್ಕ ಹೋಗಿ ಕೂರುವವಳು. ಆದರೂ ಹೊಡೆಯತೊಡಗಿದಳು. ಹೊಡೆಯುತ್ತಲೇ ಪುರುಷೋತ್ತಮನನ್ನು ಕೂಗಿ ಕರೆದು ಕಾಗದ ಓದಲು ಹೇಳಿದಳು. ಆತ ಒಮ್ಮೆ ಓದಿದ, ಇನ್ನೊಮ್ಮೆ ಓದಿದ. ಟೆಲಿಫೋನಿಗೆ ಓಡಿ ಕೆಂಗೇರಿಯ ಪೊಲೀಸರಿಗೆ ಲೈನು ಕೇಳಿದ. ಎಕ್ಸ್‌ಚೇಂಜಿನವಳು ಕಾಯಿರಿ ಅಂದಳು. ಲೈನು ಸಿಕ್ಕಿದ ಮೇಲೆ ಆ ಕಡೆಯವರಿಗೆ ಅರ್ಥ ಮಾಡಿಸುವುದಕ್ಕೆ ಮತ್ತಷ್ಟು ಹೊತ್ತು. ಸ್ಟೇಷನ್ನಿನಲ್ಲಿ ಇರುವವನು ತಾನೊಬ್ಬನೇ, ಬಂದೂಕಿನವರನ್ನು ಹುಡುಕಿಸುತ್ತೇನೆ ಎಂದು ಅಲ್ಲಿನ ಪೇದೆ ಹೇಳಿದನಂತೆ. ಪುರುಷೋತ್ತಮ ಆಫೀಸಿನ ವ್ಯಾನಿನಲ್ಲಿ ತಾನೇ ಹೊರಟ. ಬಾಗಿಲಲ್ಲಿ ನಿಂತು ಹೇಳಿದ್ದಿಷ್ಟು:

“ನಾನು ತಲುಪೋವರೆಗೂ ಕೈ ತೆಗೀಬೇಡ ಪಂಕಜಾ.”

ಮಹಡಿಯ ಮೆಟ್ಟಿಲಲ್ಲಿ ಅವನ ಬೂಟಿನ ಸದ್ದು ಇಳಿದುಹೋಯಿತು. ಉಳಿದದ್ದು ಯಂತ್ರ, ಅವಳು, ಹನುಮಯ್ಯ.

ಮೊದಲು ಕೈಗೆ ಸಿಕ್ಕ ಸುದ್ದಿಯ ಹಾಳೆಯನ್ನೇ ನೋಡಿ ಹೊಡೆದಳು. ಎಳ್ಳಿನ ಧಾರಣೆ, ಬೆಲ್ಲದ ಧಾರಣೆ, ಯಾವುದೋ ಊರಿನಲ್ಲಿ ಸೇತುವೆಗೆ ಕಲ್ಲು ಹಾಕಿದ್ದು. ಹಾಳೆ ಮುಗಿಯಿತು. ಇನ್ನೊಂದನ್ನು ತೆಗೆಯಲು ಕೈ ಎತ್ತಿದ ಆ ಒಂದು ಕ್ಷಣ ಕೋಣೆ ಪೂರ್ತಿ ಸ್ತಬ್ಧವಾಯಿತು. ಇಲ್ಲಿ ನಿಶ್ಶಬ್ದವಾದರೆ ಅಲ್ಲೂ ನಿಶ್ಶಬ್ದ. ಅವಳು ಹಾಳೆ ಬಿಟ್ಟು ತಲೆಗೆ ಬಂದದ್ದನ್ನು ಹೊಡೆಯತೊಡಗಿದಳು. ಮನೆಯವರ ಹೆಸರು, ದೇವರ ಹೆಸರು, ಮೆಜೆಸ್ಟಿಕ್‌ನಿಂದ ರಾಜಾಜಿನಗರಕ್ಕೆ ಬರುವ ಬಸ್ಸು ನಿಲ್ಲುವ ಜಾಗಗಳು. ಅವೂ ಮುಗಿದ ಮೇಲೆ ಅಮ್ಮ ಹುಳಿಪುಡಿ ಮಾಡುವ ಕ್ರಮ: ಕಡಲೆಬೇಳೆ ಇಷ್ಟು, ಧನಿಯ ಇಷ್ಟು, ಮೆಣಸಿನಕಾಯಿ ಬ್ಯಾಡಗಿಯದೇ ಆಗಬೇಕು.

ಭಯದ ಜೊತೆಗೆ ಇನ್ನೊಂದು ಸಂಕಟ ಸೇರಿಕೊಂಡಿತು. ಅವಳು ಹೊಡೆಯುತ್ತಿರುವಷ್ಟು ಹೊತ್ತು ಅವರಿಂದ ಏನೂ ಬರುವಂತಿಲ್ಲ. ಬದುಕಿದ್ದಾರೋ ಇಲ್ಲವೋ ತಿಳಿಯಬೇಕಾದರೆ ಅವಳು ನಿಲ್ಲಿಸಬೇಕು. ನಿಲ್ಲಿಸಿದರೆ ಅದೇ ಅವರ ಪ್ರಾಣಕ್ಕೆ ಬರಬಹುದು. ಸತ್ತ ಮನುಷ್ಯನ ಪಕ್ಕದಲ್ಲಿ ತನ್ನ ಹುಳಿಪುಡಿ ಟಕಟಕನೆ ಅಚ್ಚಾಗುತ್ತಿರಬಹುದು ಎಂಬ ಯೋಚನೆಯೂ ಬಂತು.

ಹನುಮಯ್ಯ ಗೋಡೆಗೊರಗಿ ನಿಂತಿದ್ದ. ಕೆಂಗೇರಿ ಕಡೆಯ ಉಲ್ಲಾಳದವನು, ಹೊಲ ಕಾದು ಬೆಳೆದವನು. ಹೇಳಲೋ ಬೇಡವೋ ಎನ್ನುವಂತೆ ಬಾಯಿಬಿಟ್ಟ.

“ಅಮ್ಮೋರೆ, ನಮ್ಮ ಹೊಲದಾಗೆ ಹಂದಿ ಓಡ್ಸಕ್ಕೆ ತಗಡಿನ ಡಬ್ಬ ಕಟ್ತಿದ್ವಿ. ಎರಡು ದಿನ ಹೆದರ್ತಿದ್ವು. ಆಮೇಲೆ ಡಬ್ಬದ ಕೆಳಗೇ ನಿಂತು ಮೇಯ್ತಿದ್ವು.”

“ಅಂದ್ರೆ?”

“ಒಂದೇ ಸದ್ದು ಕೇಳ್ತಾ ಕೇಳ್ತಾ ರೂಢಿ ಆಗೋಗ್ತದೆ.”

ಇಷ್ಟು ಹೇಳಿ, ಹೇಳಬಾರದಿತ್ತು ಎನ್ನುವಂತೆ ತಲೆ ತಗ್ಗಿಸಿದ. ಪಂಕಜಾಗೆ ಆ ಮಾತು ನಾಟಿತು. ತನ್ನ ಬೆರಳುಗಳೇ ಆ ಪ್ರಾಣಿಗೆ ಹೆದರಬೇಡ, ಹೆದರಬೇಡ ಎಂದು ಪಾಠ ಹೇಳುತ್ತಿದ್ದರೆ? ಅವಳು ವೇಗ ಬದಲಿಸಿದಳು. ಸ್ವಲ್ಪ ಜೋರಾಗಿ, ಸ್ವಲ್ಪ ನಿಧಾನ, ಮತ್ತೆ ಜೋರಾಗಿ. ಆಗ ಅವಳಿಗೆ ಗಂಟೆಯ ನೆನಪಾಯಿತು. ತುರ್ತು ಸುದ್ದಿ ಇದ್ದಾಗ ಆ ಕಡೆಯವರನ್ನು ಎಚ್ಚರಿಸಲು ಯಂತ್ರದೊಳಗೇ ಒಂದು ಸಣ್ಣ ಗಂಟೆ ಇರುತ್ತಿತ್ತು. ಇಲ್ಲಿಂದ ಒಂದು ಕೀ ಒತ್ತಿದರೆ ಅಲ್ಲಿ ಅದು ಬಡಿದುಕೊಳ್ಳುತ್ತಿತ್ತು. ಅದನ್ನು ಒತ್ತಲು ಹೋದ ಬೆರಳು ನಿಂತಿತು. ಈಗಲೇ ಬಾರಿಸಿಬಿಟ್ಟರೆ ಅದೂ ರೂಢಿಯಾಗಿಹೋಗುತ್ತದೆ. ಇರಲಿ, ಉಳಿಸಿಕೊಳ್ಳಬೇಕು ಎಂದುಕೊಂಡಳು.

ಹೀಗೆ ಎಷ್ಟು ಹೊತ್ತು ಕಳೆಯಿತೋ. ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ನರ ಸೆಟೆದುಕೊಂಡಿತ್ತು. ಮೆಂತ್ಯ ಎಂದು ಹೊಡೆದಳು. ಕಾಗದದ ಮೇಲೆ ಮೆಂತ್ಯ ಬೀಳಲಿಲ್ಲ. ಯಾವುದೋ ಅಕ್ಷರಗಳು ಬಿದ್ದವು. ಇಂಗು ಎಂದು ಹೊಡೆದಳು. ಅದೂ ಕಲಸಿಹೋಯಿತು.

ಅಂದರೆ ಆ ಕಡೆ ಯಾರೋ ಕೀಗಳ ಮೇಲಿದ್ದಾರೆ.

ಯಾರೋ, ಅಥವಾ ಏನೋ. ಪಂಕಜಾಗೆ ಮೇಜಿನ ಮೇಲೆ ಊರಿದ ಪಂಜ ಕಣ್ಣಿಗೆ ಕಟ್ಟಿತು. ಅವರೇ ಏನಾದರೂ ಹೇಳಲು ಹೊರಟಿದ್ದರೆ ತಾನು ಅಡ್ಡ ಬಂದಂತಾಗುತ್ತದೆ, ಅವರಲ್ಲದಿದ್ದರೆ ನಿಲ್ಲಿಸುವಂತಿಲ್ಲ. ಅವಳು ಉಸಿರು ಬಿಗಿಹಿಡಿದು ಕೈ ಎತ್ತಿದಳು. ಯಂತ್ರ ತಾನಾಗಿ ಒಂದಿಷ್ಟು ಅಕ್ಷರ ಹೊಡೆಯಿತು, ಒಂದರ ಮೇಲೊಂದು, ಪದವಿಲ್ಲ, ಅರ್ಥವಿಲ್ಲ, ಯಾರೋ ಮೈಯೆಲ್ಲ ಹಾಕಿ ಅದರ ಮೇಲೆ ಬಿದ್ದಂತೆ. ಆಮೇಲೆ ನಿಂತಿತು.

“ಏನಮ್ಮೋರೆ ಅದು?” ಹನುಮಯ್ಯ ಕೇಳಿದ.

ಅವಳು ಗಂಟೆಯ ಕೀಯ ಮೇಲೆ ಬೆರಳಿಟ್ಟು ಒತ್ತಿದಳು, ಒತ್ತುತ್ತಲೇ ಹೋದಳು. ಇಲ್ಲಿಯ ಗಂಟೆಯೂ ಜೊತೆಗೇ ಕಿಣಿಕಿಣಿ ಬಡಿದುಕೊಂಡಿತು. ಬಾಯಲ್ಲಿ ಏನೇನೋ ಹೇಳುತ್ತಿದ್ದಳು. ಹೋಗು, ಹೋಗು ಎಂದಳಂತೆ. ಆಮೇಲೆ ಹನುಮಯ್ಯ ಹೇಳಿದ್ದು, ಅವಳಿಗೆ ನೆನಪಿಲ್ಲ. ಗಂಟೆ ಬಾರಿಸಿ ಬೆರಳು ಸೋತಾಗ ಮತ್ತೆ ಅಕ್ಷರ, ಅಕ್ಷರ ಸೋತಾಗ ಗಂಟೆ. ಕಣ್ಣೀರು ಬಂದು ಕಾಗದ ಕಾಣುತ್ತಿರಲಿಲ್ಲ. ಕಾಣುವುದು ಬೇಕಾಗಿಯೂ ಇರಲಿಲ್ಲ.

ಬಿಸಿಲು ಗೋಡೆ ಬಿಟ್ಟು ಸೂರಿಗೆ ಹೋಗಿದ್ದಾಗ ಅಕ್ಷರಗಳು ಮತ್ತೆ ಕಲಸಿಕೊಂಡವು. ಈ ಸಲ ಅವಳು ನಿಲ್ಲಿಸಲಿಲ್ಲ. ಕಲಸಿದ ಅಕ್ಷರಗಳ ಮೇಲೆಯೇ ಹೊಡೆಯುತ್ತ ಹೋದಳು. ಆ ಕಡೆಯವರೂ ಬಿಡಲಿಲ್ಲ. ಕೊನೆಗೆ ಹನುಮಯ್ಯ ಹತ್ತಿರ ಬಂದು, ಎಂದೂ ಮುಟ್ಟದವನು, ಅವಳ ಎರಡೂ ಕೈ ಹಿಡಿದು ಮೇಲೆತ್ತಿದ.

“ಬಿಡಿ ಅಮ್ಮೋರೆ. ಅವ್ರು ಏನೋ ಹೇಳ್ತಾವ್ರೆ.”

ಯಂತ್ರ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹೊಡೆಯಿತು. ಟೈಪು ಬಾರದ ಪುರುಷೋತ್ತಮನ ಕೈ ಅದು.

‘ಬದುಕಿದ್ದಾರೆ. ಪ್ರಾಣಿ ಹೋಯಿತು. ನಿಲ್ಲಿಸು.’

ಅವಳ ಬೆರಳುಗಳು ಹನುಮಯ್ಯನ ಮುಷ್ಟಿಯೊಳಗೆ ಇನ್ನೂ ಬಡಿದುಕೊಳ್ಳುತ್ತಿದ್ದವು.

ನಡೆದದ್ದು ಆಮೇಲೆ ತಿಳಿಯಿತು. ಬೈರಪ್ಪ ಊರು ಮುಟ್ಟಿದ ಮೇಲೆ ಒಳಗೆ ಸಾಹೇಬರಿದ್ದಾರೆಂಬುದು ನೆನಪಾಗಿ ತಲೆ ತಲೆ ಚಚ್ಚಿಕೊಂಡು ಜನರನ್ನು ಕರೆತಂದಿದ್ದ. ಹತ್ತಿರ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ವ್ಯಾನು ಬಂದ ಮೇಲೆ ಬೈರಪ್ಪನೇ ತೆವಳಿಕೊಂಡು ಹೋಗಿ ಅಗಳಿಗೆ ಬಾವಿಯ ಹಗ್ಗ ಕಟ್ಟಿ ಬಂದ. ದೂರದಿಂದ ಎಳೆದಾಗ ಅಗಳಿ ಕಳಚಿ ಬಾಗಿಲು ತೆರೆದುಕೊಂಡಿತು. ಹಿಂಗೋಡೆಯ ಹತ್ತಿರ ತಮಟೆ ಬಾರಿಸಿದರು. ಚಿರತೆ ಬಾಗಿಲಿಂದ ಹಾರಿ, ಯಾರ ಕಡೆಯೂ ನೋಡದೆ, ಬಂಡೆಗಳ ನಡುವೆ ಮಾಯವಾಯಿತು. ಬಂದೂಕಿನವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾಯಿ ಮೂಲೆಯಲ್ಲಿ ಸತ್ತುಬಿದ್ದಿತ್ತು.

ಸೇತುರಾಮ ಬಾಗಿಲಿಗೆ ಒರಗಿಯೇ ಕೂತಿದ್ದರು. ಅಕ್ಷರ ಕಲಸಿಹೋದ ಹೊತ್ತಿನಲ್ಲಿ ಚಿರತೆ ಬಾಗಿಲು ದೂಡಿ, ಸಂದಿನಲ್ಲಿ ತಲೆ ಮತ್ತು ಒಂದು ಪಂಜ ಹಾಕಿ, ಅವರ ಭುಜದ ಮಾಂಸ ಕಿತ್ತಿತ್ತು. ಅವರು ಯಂತ್ರದ ಮೇಲೆ ಬಿದ್ದಿದ್ದರು. ಆ ಗಳಿಗೆಯಲ್ಲಿ ಕಿವಿಯ ಪಕ್ಕದಲ್ಲೇ ಗಂಟೆ ಹೊಡೆದುಕೊಂಡಿತು, ಚಿರತೆ ತಲೆ ಎಳೆದುಕೊಂಡಿತು, ಅವರು ಬಾಗಿಲಿಗೆ ಮತ್ತೆ ಮೈಕೊಟ್ಟರು. ಗಂಟೆಗೇ ಹೆದರಿತೋ, ಬಾಗಿಲು ಅದರ ಕುತ್ತಿಗೆಗೆ ಒತ್ತಿತೋ, ಅವರಿಗೂ ಗೊತ್ತಾಗಲಿಲ್ಲ.

ಪಂಕಜಾ ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ಅನ್ನ ಕಲಸಲು ಬೆರಳು ಬಗ್ಗುತ್ತಿರಲಿಲ್ಲ. ಅಮ್ಮ ಚಮಚದಲ್ಲಿ ತಿನ್ನಿಸಿದಳು. ಮತ್ತೆ ಹೋದ ದಿನ ಆ ತುದಿಯಲ್ಲಿ ಬೇರೆ ಯಾರೋ ಹೊಸಬರಿದ್ದರು. ಅವರು ಹೊಡೆಯುತ್ತ ಎಲ್ಲಾದರೂ ತುಸು ತಡೆದರೆ ಸಾಕು, ಅವಳು ಕುರ್ಚಿಯಿಂದ ಅರ್ಧ ಎದ್ದುಬಿಡುತ್ತಿದ್ದಳು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಸೇತುರಾಮ ಹೆಂಡತಿಯನ್ನು ಕರೆದುಕೊಂಡು ಅವಳ ಮನೆಗೆ ಬಂದರು. ಬೆಳ್ಳಗೆ, ಸಣ್ಣ ಮೈಯ ಮನುಷ್ಯ. ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿತ್ತು. ಅವಳು ಅಂದುಕೊಂಡಿದ್ದಕ್ಕಿಂತ ಗಿಡ್ಡ. ಇಬ್ಬರಿಗೂ ಎದುರುಬದುರು ಕೂತು ಮಾತಾಡಿ ರೂಢಿಯಿರಲಿಲ್ಲ. ಅಮ್ಮನೂ ಅವರ ಹೆಂಡತಿಯೂ ಮಾವಿನಕಾಯಿಯ ಧಾರಣೆ ಮಾತಾಡಿದರು. ಇವರಿಬ್ಬರು ನೆಲ ನೋಡಿದರು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ತಟ್ಟೆಯೊಂದು ಜಾರಿ ಬಿತ್ತು. ಇಬ್ಬರೂ ಒಟ್ಟಿಗೇ ಬೆಚ್ಚಿ ಎದ್ದು ನಿಂತರು. ಸೇತುರಾಮರ ಬೆನ್ನು ತಾನಾಗಿ ಗೋಡೆಗೆ ಹೋಗಿ ಒತ್ತಿಕೊಂಡಿತ್ತು.

“ರಾತ್ರಿ ನಿದ್ದೆ ಬರುತ್ತಾ ಅಮ್ಮ ನಿಮಗೆ?” ಎಂದು ಕೇಳಿದರು ಅವರು, ಮೆಲ್ಲಗೆ.

“ಇಲ್ಲ ಸಾರ್.”

“ನನಗೂ ಇಲ್ಲ,” ಎಂದರು. ಯಾರಿಗೂ ಹೇಳಿರದ ಮಾತು ಅದು. ಪಕ್ಕದಲ್ಲಿದ್ದ ಹೆಂಡತಿಯೇ ತಿರುಗಿ ನೋಡಿದರು. ಪಂಕಜಾ ಸೇತುರಾಮರಿಗೆ ಕೂರಲು ಹೇಳಿ, ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋದಳು.