ಅಪ್ಪನ ಗಾಡಿಯ ಬಜರ್

ಎಂಟನೇ ಇಯತ್ತೆಗೆ ಶಾಲಿ ಬಿಟ್ಟ ಕತ್ತಿ ಮಗನ, ನಿನಗೇನ್ ತಿಳೀತೈತಿ, ಬಜರ್ ಹಚ್ಚು ಅಂದ್ರ ಹಚ್ಚು — ಅಪ್ಪನ ದನಿ ಅಕ್ಬರಸಾಬರ ಗ್ಯಾರೇಜಿನ ತಗಡಿಗೆ ಬಡಿದು ರಸ್ತೆಯಾಚೆಯ ಚಹಾದಂಗಡಿಯವರೆಗೂ ಹೋಯಿತು, ಗ್ಲಾಸು ಹಿಡಿದವರೆಲ್ಲ ಇತ್ತ ತಿರುಗಿದರು, ಬೆಂಚಿನ ಮೇಲೆ ಕೂತ ಮಹಬೂಬಸಾಬ ಕೇಳಿಯೇಬಿಟ್ಟ, ಕತ್ತಿ ಮಗ ಅಂದ್ರ ಕತ್ತಿ ಯಾರಾದಂಗಾತ್ರಿ ನಾರಾಯಣಪ್ಪ, ಎಲ್ಲರೂ ನಕ್ಕರು, ಅವರು ನಗುವುದನ್ನು ನೋಡಿ ಅಪ್ಪನೂ ನಕ್ಕ, ಅವನಿಗೆ ಆ ಮಾತು ಕೇಳಿಸಿರಲಿಲ್ಲ, ಕೇಳಿಸಿಲ್ಲವೆಂದು ಗೊತ್ತಿರುವುದು ಇಲ್ಲಿ ನನಗೊಬ್ಬನಿಗೆ. ಅಪ್ಪನ ಬೈಕಿನ ಹೆಡ್‌ಲೈಟ್ ಬಿಚ್ಚಿ ತೂಗುತ್ತಿದೆ, ಒಳಗಿನ ವೈರುಗಳು ಕೋಳಿಯ ಕರುಳಿನಂತೆ ಹೊರಬಿದ್ದಿವೆ, ಹೊಸ ಎಲ್‌ಇಡಿ ಹಾಕಿದ್ದೇನೆ, ಎಡಕ್ಕೆ ಒತ್ತಿದರೆ ನಾಲ್ಕೂ ಸಿಗ್ನಲ್ ಮಿಣುಕುತ್ತವೆ, ಬಲಕ್ಕೆ ಒತ್ತಿದರೂ ನಾಲ್ಕೂ, ಈ ಮನುಷ್ಯ ಎತ್ತ ಹೊರಳುತ್ತಾನೆಂದು ಹಿಂದಿನ ಲಾರಿಯವನಿಗೆ ದೇವರೇ ಹೇಳಬೇಕು. ಮೀಟರಿನೊಳಗೆ ಇರುವುದು ಒಂದೇ ಹಸಿರು ದೀಪ, ಒಂದು ತುದಿ ಎಡದ ವೈರಿಗೆ, ಇನ್ನೊಂದು ಬಲದ ವೈರಿಗೆ, ಎಡಕ್ಕೆ ಹೋದ ಕರೆಂಟು ಅದರೊಳಗೆ ನುಸುಳಿ ಬಲಕ್ಕೂ ಇಳಿಯುತ್ತದೆ, ಹಳೆಯ ಬಲ್ಬಿಗೆ ಅಷ್ಟು ಸಾಲುತ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಅಕ್ಬರಸಾಬರ ಪದ್ಧತಿ ಸರಳ, ಹಸಿರು ದೀಪವನ್ನು ಕತ್ತರಿಸಿ ಒಗಿ ಲೇ ಸುನ್ಯಾ, ಬಜರ್ ಹಾಕು, ಸಿಗ್ನಲ್ ತೆಗೆಯುವತನಕ ಒದರತೈತಿ, ಮರತಾಂವಗ ನೆಪ್ಪಾಗತೈತಿ. ಬೆಟಗೇರಿಯ ಅರ್ಧ ಗಾಡಿಗಳು ಹಾಗೇ ಒದರುತ್ತ ತಿರುಗುತ್ತವೆ, ಕಿವಿ ಇದ್ದವರ ಗಾಡಿಗಳು.

ನಮ್ಮ ಮಗ್ಗದ ಓಣಿಯಲ್ಲಿ ಆ ಸದ್ದಿಗೆ ಎಲ್ಲರೂ ಜೋರಾಗಿಯೇ ಮಾತಾಡುತ್ತಾರೆ, ಅದರಿಂದ ಯಾರ ಕಿವಿ ಹೋಗಿದೆಯೆಂದು ತಿಳಿಯುವುದಿಲ್ಲ, ಅಪ್ಪನಿಗೂ ತನ್ನದು ಹೋಗಿದೆಯೆಂದು ಒಪ್ಪಿಗೆಯಿಲ್ಲ, ಅವ್ವ ಊಟಕ್ಕೆ ಕರೆಯುವುದು ದೀಪದ ಬಟನ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಅವನು ತಲೆ ಎತ್ತುತ್ತಾನೆ, ಕರೆಂಟ್ ಹೋಗಿ ಬಂತೇನ ಎನ್ನುತ್ತ ಏಳುತ್ತಾನೆ. ಹೋದ ತಿಂಗಳು ಸೀರೆಯ ಗಂಟು ಕಟ್ಟಿಕೊಂಡು ಶಿರಹಟ್ಟಿಗೆ ಹೊರಟವನು ಹರ್ತಿಯ ಹತ್ತಿರ ಬಲಕ್ಕೆ ಸಿಗ್ನಲ್ ಹಾಕಿ ತೆಗೆಯಲು ಮರೆತ, ಹಿಂದಿನ ಲಾರಿ ಹಾರ್ನ್ ಹೊಡೆದು ಹೊಡೆದು ಸಾಕಾಗಿ ಎಡಗಡೆಯಿಂದ ನುಗ್ಗಿತು, ಗಂಟು ಹರಿಯಿತು, ಸೀರೆಗಳು ಡಾಂಬರಿನ ಮೇಲೆ ಉದ್ದಕ್ಕೂ, ಮೊಣಕೈ ತರಚಿಕೊಂಡು ಮನೆಗೆ ಬಂದವನು ಅವ್ವನಿಗೆ ಹೇಳಿದ್ದೇನು — ಲಾರಿಯಾಂವ ಹಾರ್ನೇ ಹೊಡೀಲಿಲ್ಲ ನೋಡು ರತ್ನವ್ವ. ಬಜರ್ ನಿನಗೆ ಕೇಳಿಸುವುದಿಲ್ಲ ಎಂದು ಹೇಳಬೇಕೆಂದರೆ ನಾನು ಕೂಗಬೇಕು, ಕೂಗಿದರೆ ಚಹಾದಂಗಡಿಗೂ ಕೇಳಿಸುತ್ತದೆ, ನಾಳೆ ಕಿವುಡ ನಾರಾಯಣಪ್ಪ ಎನ್ನುತ್ತಾರೆ. ಕೂಗಿಬಿಡಲೇ, ಶಾಲೆಯ ಮಾತನ್ನೂ ಸೇರಿಸಿ, ಎಂಟನೆಯಲ್ಲಿದ್ದಾಗ ಯಾರನ್ನೋ ಹೊಡೆದೆನೆಂದು ಅಪ್ಪನನ್ನು ಶಾಲೆಗೆ ಕರೆಸಿದ್ದರು, ಮಾಸ್ತರರದು ಮೆತ್ತಗಿನ ದನಿ, ಹಿಂಗಾದ್ರ ಇವನ ಹೆಸರು ತೆಗೆದುಬಿಡೂಣೇನ್ರಿ, ಅಪ್ಪ ಎಂದಿನಂತೆ ತಲೆಯಾಡಿಸಿದ, ಹೂಂನ್ರಿ, ಆತ್ರಿ, ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ — ಮಾಸ್ತರರೇ ಒಂದು ಗಳಿಗೆ ದಂಗಾದರು, ಹೆಸರು ಹೋಯಿತು, ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಹೇಳಿದ, ನಾಳಿಂದ ನೆಟ್ಟಗ ಓದು. ಇಕ್ಕಳದಿಂದ ವೈರಿನ ಸಿಪ್ಪೆ ಸುಲಿಯುತ್ತೇನೆ, ಹಲ್ಲು ಕಚ್ಚಿ ಸುಲಿದರೆ ತಾಮ್ರವೂ ತುಂಡಾಗುತ್ತದೆ, ಮೆಲ್ಲಗೆ, ಎರಡು ಡಯೋಡ್ ಸಾಕು, ಕರೆಂಟನ್ನು ಒಂದೇ ಕಡೆಗೆ ಬಿಡುವ ಅಕ್ಕಿಕಾಳಿನಷ್ಟು ಕರಿ ತುಂಡುಗಳು, ಒಂದು ಎಡದಿಂದ, ಒಂದು ಬಲದಿಂದ, ಎರಡೂ ಹಸಿರು ದೀಪದ ಒಂದೇ ತುದಿಗೆ, ಇನ್ನೊಂದು ತುದಿ ಗಾಡಿಯ ಮೈಗೆ, ಮುಗಿಯಿತು. ಎಡಕ್ಕೆ ಒತ್ತಿದೆ, ಎಡದವೆರಡೇ ಮಿಣುಕಿದವು, ಬಲಕ್ಕೆ ಬಲದವೆರಡೇ, ಮೀಟರಿನಲ್ಲಿ ಹಸಿರು ಎರಡಕ್ಕೂ ಹೊತ್ತಿತು. ಬಜರ್ ಇನ್ನೂ ಅದರ ಪ್ಲಾಸ್ಟಿಕ್ ಚೀಲದಲ್ಲೇ ಇದೆ, ಸ್ಟೂಲಿನ ಮೇಲೆ.

ಸರೀ ಲೇ, ನಾ ನೋಡತೇನಿ. ಅಪ್ಪ ಗಾಡಿ ಹತ್ತಿ ಶುರು ಮಾಡಿದ, ಎಡಕ್ಕೆ ಒತ್ತಿದ, ಕಿವಿಯನ್ನು ಮೀಟರಿನತ್ತ ಬಾಗಿಸಿದ, ಹಾಂ, ಈಗ ಕೇಳಸ್ತೈತಿ ನೋಡ್ರಿ, ಎಷ್ಟು ಚಲೋ ಕೇಳಸ್ತೈತಿ! ಅಕ್ಬರಸಾಬರ ಕಣ್ಣು ಸ್ಟೂಲಿನ ಮೇಲೆ, ಮಹಬೂಬಸಾಬನ ಬಾಯಿ ತೆರೆಯುತ್ತಿದೆ, ಏನ್ ಕೇಳಸ್ತೈತ್ರೀ — ನಾನು ಅಪ್ಪನ ಕೈಮೇಲೆ ಕೈಯಿಟ್ಟು ಎಕ್ಸಿಲರೇಟರ್ ತಿರುವಿದೆ, ತಗಡೆಲ್ಲ ನಡುಗಿತು, ಹೊಗೆ, ಮಹಬೂಬಸಾಬನ ತುಟಿಗಳು ಆಡಿದವು, ಯಾರಿಗೂ ಏನೂ ಕೇಳಿಸಲಿಲ್ಲ, ಅಕ್ಬರಸಾಬರು ಬಜರನ್ನೆತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಆ ಸದ್ದಿನ ಮೇಲೂ ಅಪ್ಪನದೇ ಸದ್ದು, ಇಷ್ಟಕ್ಕ ಇಷ್ಟೊತ್ತೇನಲೇ, ಬುದ್ಧಿ ಇದ್ದಾಂವ ಆಗಿದ್ರ ಯಾವಾಗ್ಲೋ ಮುಗಸ್ತಿದ್ದ! ಎಕ್ಸಿಲರೇಟರ್ ಬಿಟ್ಟೆ. ಕೈಗೆ ಗ್ರೀಸು, ಪ್ಯಾಂಟಿಗೆ ಒರೆಸಿದೆ, ರಸ್ತೆಗಿಳಿದು ನಡೆದೆ, ಚಹಾದಂಗಡಿ ದಾಟಿತು, ಅಪ್ಪನ ಗಾಡಿ ನನ್ನ ಪಕ್ಕದಿಂದ ಹೋಯಿತು, ನೆಟ್ಟಗೆ, ಎಡದ ಸಿಗ್ನಲ್ ಮಿಣುಕುತ್ತಲೇ ಇದೆ, ಎದುರಿಗೆ ಬಸ್ಸು, ಮಿಣುಕುತ್ತಿದೆ, ಕೆಳಗೆ ಹಸಿರು ದೀಪ ನೋಡು, ಮಿಣುಕುತ್ತಿದೆ, ಕೆಳಗೆ, ಅಪ್ಪ ತಲೆ ತಗ್ಗಿಸಿದ, ಸಿಗ್ನಲ್ ಆರಿತು.